ಗುಣವಾದರೆ ಮನೆ ಬಿಡಬೇಕಾಗುತ್ತದೆಯೇ?

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ನಲವತ್ತು ದಾಟಿದ ಈ ವ್ಯಕ್ತಿಗೆ ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿಗಳು ಕೇಳಿಸುವ, ಭ್ರಮೆಗಳು ಕಾಡುವ ತೀವ್ರ ಮಾನಸಿಕ ಕಾಯಿಲೆ) ಇದೆಯೆಂದು ಗೊತ್ತಾದದ್ದು ಕಾಲೇಜಿನ ದಿನಗಳಲ್ಲಿ. ಹಲವು ಸಲ ಆಸ್ಪತ್ರೆ ಸೇರಿ ಹೊರಬಂದ ಬಳಿಕ, ಬೇರೆ ಮೂವರ ಜೊತೆಯಲ್ಲಿ ಬೆಂಬಲಿತ ವಸತಿಯೊಂದರಲ್ಲಿ, ಅಂದರೆ ಮೇಲ್ವಿಚಾರಕರ ನೆರವಿರುವ ಮನೆಯಲ್ಲಿ, ವಾಸವಾಗಿದ್ದರು. ಮಾತ್ರೆ ತಪ್ಪುತ್ತಿರಲಿಲ್ಲ, ಕಿವಿಯಲ್ಲಿ ಕೇಳಿಸುವ ಧ್ವನಿಗಳು ಪೂರ್ತಿ ನಿಲ್ಲದಿದ್ದರೂ ತಗ್ಗಿದ್ದವು. ಆದರೆ ಬಟ್ಟೆ ಒಗೆಯುವುದಕ್ಕಾಗಲಿ, ಅಡುಗೆಮನೆಯ ಸರದಿಗಾಗಲಿ ಯಾರಾದರೂ ನಾಲ್ಕು ಸಲ ಹೇಳದೆ ಏಳುತ್ತಿರಲಿಲ್ಲ. ಇದು ಕಾಯಿಲೆಯ ಲಕ್ಷಣವೆಂದು ಮೇಲ್ವಿಚಾರಕರೂ, ಸೋಮಾರಿತನವೆಂದು ಅವರ ಅಕ್ಕನೂ ನನ್ನ ಬಳಿ ಹೇಳಿದರು.

ಉತ್ಸಾಹ ಬತ್ತುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಔಷಧಿಯ ಮಂಪರೂ ಹಾಗೆಯೇ ಕಾಣಿಸುತ್ತದೆ. ಆದ್ದರಿಂದ ಮೊದಲು ಮನೋವೈದ್ಯರನ್ನು ಕಾಣುವಂತೆ ಸೂಚಿಸಿದೆ. ಅವರು ಮಾತ್ರೆಯ ಹೊತ್ತನ್ನು ಬದಲಿಸಿದ ಮೇಲೆ ಬೆಳಗಿನ ಜಡತೆ ಕಡಿಮೆಯಾಯಿತು, ಹಿಂಜರಿಕೆ ಮಾತ್ರ ಹಾಗೆಯೇ ಉಳಿಯಿತು. ಅಷ್ಟರಲ್ಲಿ, ಮೇಲ್ವಿಚಾರಕರು ರಜೆಯಲ್ಲಿದ್ದ ದಿನ ನಾಲ್ವರಿಗೂ ಇವರೇ ಅಡುಗೆ ಮಾಡಿ, ಪಾತ್ರೆಗಳನ್ನೂ ತೊಳೆದಿಟ್ಟಿದ್ದರೆಂಬ ಸಂಗತಿ ಜೊತೆಯವರೊಬ್ಬರಿಂದ ತಿಳಿಯಿತು. ಅದರ ಬಗ್ಗೆ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ನಾನು ಚೆನ್ನಾಗಿದ್ದೀನಿ ಅಂತ ಬರ್ಕೊಂಡ್ರೆ ನನ್ನನ್ನ ಬೇರೆ ಮನೆಗೆ ಕಳಿಸ್ತಾರೆ ಮೇಡಂ. ಅಲ್ಲಿ ರಾತ್ರಿ ಹೊತ್ತು ಯಾರೂ ಇರೋದಿಲ್ಲ," ಎಂದರು.

ಅವರ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ಆ ವಸತಿಯಲ್ಲಿ ಪ್ರತಿ ಕೆಲಸಕ್ಕೂ ಅಂಕ ಕೊಡುವ ಹಾಳೆಯಿತ್ತು. ಅಂಕ ಏರಿದವರನ್ನು ಕಡಿಮೆ ನೆರವಿರುವ ಮನೆಗೆ ಸಾಗಿಸುವ ಪದ್ಧತಿಯಿತ್ತು. ಹಾಗೆ ಹೋದ ಗೆಳೆಯರೊಬ್ಬರು ಒಂಟಿಯಾಗಿ, ಕಾಯಿಲೆ ಮರುಕಳಿಸಿ ಮತ್ತೆ ಆಸ್ಪತ್ರೆ ಸೇರಿದ್ದನ್ನು ಇವರು ಕಣ್ಣಾರೆ ಕಂಡಿದ್ದರು. ಸುಧಾರಿಸಿದವನು ಮನೆಯನ್ನೂ ಜೊತೆಗಾರರನ್ನೂ ಕಳೆದುಕೊಳ್ಳಬೇಕಾದಲ್ಲಿ ಸುಧಾರಿಸಲು ಯಾರಿಗೆ ತಾನೆ ಧೈರ್ಯ ಬಂದೀತು?

ಹೀಗೆ ಮೆಟ್ಟಿಲು ಹತ್ತಿಸುವ ವ್ಯವಸ್ಥೆಯನ್ನು ಪ್ರಶ್ನಿಸಿಯೇ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಅವರು, ಮಾನಸಿಕ ಕಾಯಿಲೆಯಿದ್ದು ಬೀದಿಪಾಲಾದವರಿಗಾಗಿ 'ಹೌಸಿಂಗ್ ಫಸ್ಟ್' (ಮೊದಲು ಮನೆ) ವಿಧಾನವನ್ನು ಆರಂಭಿಸಿದರು. ಅದರಲ್ಲಿ ಮನೆ ಮೊದಲು ಸಿಗುತ್ತದೆ, ಚಿಕಿತ್ಸೆಯನ್ನು ಒಪ್ಪುವುದು ಮನೆಗೆ ಷರತ್ತಾಗುವುದಿಲ್ಲ. 2009ರಿಂದ ಕೆನಡಾದ 5 ನಗರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು ಇದನ್ನು ಪರೀಕ್ಷಿಸಿದಾಗ, ಎಂದಿನ ಸೇವೆಗಳನ್ನಷ್ಟೇ ಪಡೆದ ಗುಂಪಿಗಿಂತ ಈ ವಿಧಾನದಲ್ಲಿದ್ದವರು ಮನೆಯಲ್ಲಿ ನೆಲೆ ನಿಂತ ಪ್ರಮಾಣ ಸ್ಪಷ್ಟವಾಗಿ ಹೆಚ್ಚಿತ್ತು. ಕಾಯಿಲೆಯ ಲಕ್ಷಣಗಳು ಮಾತ್ರ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ತಗ್ಗಿದ್ದವು. ಮನೆಯೇ ಮದ್ದಲ್ಲ, ನಿಜ. ಆದರೆ ಲಕ್ಷಣಗಳು ಉಳಿದಿದ್ದರೂ ತೃಪ್ತಿ, ಭರವಸೆಗಳಿಂದ ಬಾಳುವುದನ್ನೇ ಚೇತರಿಕೆಯೆಂದು ಮಾನಸಿಕ ಪುನರ್ವಸತಿಯ ತಜ್ಞ ವಿಲಿಯಂ ಆಂಥೊನಿ 1993ರಲ್ಲಿ ವಿವರಿಸಿದ್ದರು, ಮತ್ತು ಅಂಥ ಬಾಳಿಗೆ ನಾಳೆಯೂ ಇದೇ ಬಾಗಿಲು ತನಗೆ ತೆರೆದಿರುತ್ತದೆಂಬ ನೆಚ್ಚಿಕೆ ಬೇಕೇ ಬೇಕು.

ಹೀಗಾಗಿ ನನ್ನ ಮೊದಲ ಸಲಹೆ ವಸತಿಯವರಿಗೆ. ಈ ನಿವಾಸಿ ತಾವಾಗಿ ಕೇಳುವ ತನಕ ಬೇರೆಡೆಗೆ ಕಳಿಸುವುದಿಲ್ಲವೆಂದು ಅವರಿಗೆ ಲಿಖಿತವಾಗಿ ತಿಳಿಸಿ. ಅಂಕದ ಹಾಳೆಯನ್ನು ಕೈಬಿಟ್ಟು, ಈ ತಿಂಗಳು ತಾವು ಏನು ಮಾಡಬಯಸುತ್ತೀರೆಂದು ಅವರನ್ನೇ ಕೇಳಿ. ಕೋಣೆಯ ಬಾಗಿಲು ತಟ್ಟಿದ ಮೇಲೆ ಒಳಗಿನಿಂದ ಉತ್ತರ ಬರುವವರೆಗೆ ಕಾಯಿರಿ ಎಂದೆ. ಕೊನೆಯದು ಸಣ್ಣ ಮಾತೆಂದು ವಸತಿಯವರಿಗೆ ತೋರಿತು, ನನಗೆ ತೋರಲಿಲ್ಲ. ಲಿಖಿತ ಭರವಸೆ ಕೈಸೇರಿದ ಮೇಲೆ ಈ ನಿವಾಸಿ ಮುಂದಿಟ್ಟ ಮೊದಲ ಬಯಕೆ, ತಮ್ಮ ಮಾತ್ರೆಗಳನ್ನು ತಾವೇ ಇಟ್ಟುಕೊಳ್ಳಬೇಕೆಂಬುದು. ಮನೋವೈದ್ಯರ ಸಮ್ಮತಿಯಿಂದ ಮೊದಲು ಒಂದು ದಿನದ ಮಾತ್ರೆ, ಆಮೇಲೆ ಏಳು ಖಾನೆಗಳ ಡಬ್ಬಿಯಲ್ಲಿ ವಾರದ ಮಾತ್ರೆ ಅವರ ವಶಕ್ಕೆ ಬಂದವು.

ಇದರ ಜೊತೆಗೆ, ಕಾಯಿಲೆ ಮರಳುವ ಮುನ್ಸೂಚನೆಗಳನ್ನು ಅವರ ಕೈಬರಹದಲ್ಲೇ ಬರೆಸಿದೆ: ಸತತ ಎರಡು ರಾತ್ರಿ ನಿದ್ದೆ ಕೆಡುವುದು, ಫೋನನ್ನು ಮಗುಚಿ ಇಡತೊಡಗುವುದು, ಪತ್ರಿಕೆಯ ಶೀರ್ಷಿಕೆ ತನ್ನನ್ನೇ ಕುರಿತದ್ದೆಂದು ಅನಿಸುವುದು. ಎರಡನೆಯದನ್ನು ವೈದ್ಯರ ಯಾವ ಪಟ್ಟಿಯೂ ಹೇಳಲಾರದು, ಅನುಭವಿಸಿದವರಿಗಷ್ಟೇ ಗೊತ್ತು. ಆಗ ಯಾರಿಗೆ ತಿಳಿಸಬೇಕು, ಮಾತ್ರೆಯ ಡಬ್ಬಿ ಎಷ್ಟು ದಿನ ಮೇಲ್ವಿಚಾರಕರ ಬಳಿ ಇರಬೇಕು ಎಂಬುದನ್ನೂ ಅವರೇ ನಿರ್ಧರಿಸಿ ಬರೆದರು. ಕೆಲ ತಿಂಗಳ ನಂತರ ನಿದ್ದೆ ಕೆಟ್ಟಾಗ, ಆ ಹಾಳೆಯನ್ನು ಹಿಡಿದು ತಾವೇ ಮೇಲ್ವಿಚಾರಕರ ಬಳಿಗೆ ಹೋದರು. ವೈದ್ಯರು ಔಷಧಿ ಸರಿಹೊಂದಿಸಿದರು, ಆಸ್ಪತ್ರೆಗೆ ಸೇರುವ ಪ್ರಮೇಯ ಬರಲಿಲ್ಲ. ಡಬ್ಬಿಯನ್ನು ಇನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಕ್ಷೇಮವೆಂದು ವಸತಿಯವರಿಗೆ ಅನಿಸಿದ್ದು ಸಹಜ. ಆದರೂ ಹಾಳೆಯಲ್ಲಿದ್ದ ಗಡುವು ಮುಗಿದ ದಿನವೇ ಹಿಂದಿರುಗಿಸಬೇಕೆಂದು ನಾನು ಪಟ್ಟುಹಿಡಿದೆ. ಕೊಟ್ಟ ಮಾತು ಅಲ್ಲಿ ತಪ್ಪಿದ್ದರೆ, ಮುಂದಿನ ಸಲ ಅವರು ನಿದ್ದೆ ಕೆಟ್ಟದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಅಕ್ಕನಿಗೆ ಹೇಳಿದ್ದು ಎರಡೇ ಮಾತು. ಫೋನ್ ಮಾಡಿದಾಗಲೆಲ್ಲ "ಮಾತ್ರೆ ತಗೊಂಡ್ಯಾ?" ಎಂದು ಶುರುಮಾಡುವುದನ್ನು ಬಿಟ್ಟು, ತಮ್ಮನ ಜೊತೆ ಮೊದಲು ಹೇಗೆ ಮಾತಾಡುತ್ತಿದ್ದಿರೋ ಹಾಗೆಯೇ ಮಾತಾಡಿ. ಈಗ ಚೇತರಿಸಿಕೊಂಡಿದ್ದಾನೆ, ನಮ್ಮ ಮನೆಗೇ ಬರಲಿ ಎಂದು ಅವಸರಪಡಬೇಡಿ. ಒಳ್ಳೆಯ ಮನಸ್ಸಿನ ಆ ಕರೆಯೂ ಅವರ ಕಿವಿಗೆ ಹಳೆಯ ಭಯವಾಗಿಯೇ ಕೇಳಿಸಬಹುದು. ಸದ್ಯಕ್ಕೆ ಅವರು ಅಕ್ಕನ ಮನೆಗೆ ಹೋಗಿಬರಲು ಒಪ್ಪಿದ್ದಾರೆ, ವಾಸಕ್ಕಲ್ಲ.