ನಕ್ಷೆ ಮೇಲಿನ ಗೆರೆ ನೆಲಕ್ಕೆ ಇಳಿಯುವ ಮುನ್ನ: ಗ್ಯಾಸ್ ಪೈಪ್‌ಲೈನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕೊಳವೆ ಮಾರ್ಗಗಳ ಸರ್ವೇ ಮತ್ತು ಪರಿಸರ ವರದಿಗಳ ಕೆಲಸದಲ್ಲಿ ಇರುವವನು ನಾನು. ಈ ಸಲ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನೇರವಾಗಿ ಗೆರೆ ಎಳೆದು ಪೈಪ್ ಹಾಕಿದರೆ ಖರ್ಚೂ ಕಡಿಮೆ, ಅಗೆಯುವ ನೆಲವೂ ಕಡಿಮೆ. ಆದರೆ ನಾನು ನೋಡಿದ ಪೈಪ್‌ಲೈನ್ ನಕ್ಷೆಗಳೆಲ್ಲ ಹಾವಿನ ಹಾಗೆ ಹರಿದಾಡುತ್ತವೆ. ಯಾಕೆ?

ನಾವೂ ನೇರ ಗೆರೆಯಿಂದಲೇ ಶುರು ಮಾಡುತ್ತೇವೆ. ಆಮೇಲೆ ಅದು ಎಲ್ಲೆಲ್ಲಿ ತೊಂದರೆಗೆ ಸಿಕ್ಕಿಕೊಳ್ಳುತ್ತದೆ ಅಂತ ನೋಡುತ್ತಾ ಹೋಗುತ್ತೇವೆ. ಒಂದು ಕಡೆ ಜೌಗು, ಇನ್ನೊಂದು ಕಡೆ ಒತ್ತೊತ್ತಾದ ಮನೆಗಳು, ಮುಂದೆ ಕುಸಿಯುವ ಗುಡ್ಡ. ಸುಣ್ಣಕಲ್ಲಿನ ನೆಲವಾದರೆ ಕೆಳಗೆ ಟೊಳ್ಳು ಇರಬಹುದು. ಒಂದೊಂದನ್ನೂ ತಪ್ಪಿಸಿದಾಗ ಗೆರೆ ಒಂದೊಂದು ಸಲ ಬಳುಕುತ್ತದೆ.

ಈಗ ಇದನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ನಕ್ಷೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೂ ಒಂದು ಅಂಕ ಕೊಡುತ್ತಾರೆ. ದಟ್ಟ ಕಾಡಿಗೆ ಜಾಸ್ತಿ, ಬಯಲಿಗೆ ಕಡಿಮೆ, ಹೀಗೆ. ಒಟ್ಟು ಅಂಕ ಅತಿ ಕಡಿಮೆ ಬರುವ ದಾರಿಯನ್ನು ಯಂತ್ರ ಹುಡುಕಿ ಕೊಡುತ್ತದೆ. ‘ಕಂಪ್ಯೂಟರೇ ಆರಿಸಿದ್ದು’ ಅಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ಅಂಕ ಕೊಟ್ಟವರು ಮನುಷ್ಯರೇ ಅಲ್ವಾ? ಜೌಗಿಗೆ ಹತ್ತು ಅಂಕ ಕೊಟ್ಟರೆ ದಾರಿ ಅದನ್ನು ಬಳಸಿ ಹೋಗುತ್ತದೆ. ನಾಲ್ಕು ಕೊಟ್ಟರೆ ಅದರ ನಡುವೆಯೇ ನುಗ್ಗುತ್ತದೆ. ಹಾಗಾಗಿ ಯಾರಾದರೂ ನಿಮಗೆ ನಕ್ಷೆ ತೋರಿಸಿದರೆ ಅಂಕಗಳ ಪಟ್ಟಿಯನ್ನೂ ಕೇಳಿ. ಪಟ್ಟಿ ನೋಡಿದರೆ ನಕ್ಷೆಗಿಂತ ಜಾಸ್ತಿ ಗೊತ್ತಾಗುತ್ತದೆ.

ಗುಡ್ಡದ ವಿಷಯದಲ್ಲಿ ಹೊಸಬರಿಗೆ ಆಶ್ಚರ್ಯವಾಗುವ ಒಂದು ಸಂಗತಿ ಇದೆ. ರಸ್ತೆ ಗುಡ್ಡದ ಪಕ್ಕೆಯನ್ನು ಬಳಸಿಕೊಂಡು ನಿಧಾನವಾಗಿ ಏರುತ್ತದೆ. ಪೈಪ್‌ಲೈನ್ ಆದಷ್ಟೂ ನೆಟ್ಟಗೆ ಹತ್ತಿ ನೆಟ್ಟಗೆ ಇಳಿಯುತ್ತದೆ, ಇಲ್ಲವೇ ಗುಡ್ಡದ ನೆತ್ತಿ ಹಿಡಿದು ಸಾಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಹೂತ ಪೈಪಿನ ಮೇಲೆ ಮಣ್ಣು ಜಾರಿದರೆ ಅದು ಬಿಲ್ಲಿನ ಹಾಗೆ ಬಾಗುತ್ತದೆ, ವೆಲ್ಡಿಂಗ್ ಬಿಡಬಹುದು. ಅಲ್ಲದೆ ಪಕ್ಕೆಯಲ್ಲಿ ಯಂತ್ರಗಳು ನಿಲ್ಲಲು ಗುಡ್ಡವನ್ನೇ ಮೆಟ್ಟಿಲಿನಂತೆ ಕಡಿಯಬೇಕು. ಹಾಗೆ ಕಡಿದದ್ದೇ ಎಷ್ಟೋ ಕಡೆ ಕುಸಿತಕ್ಕೆ ದಾರಿಯಾಗುತ್ತದೆ.

‘ಈಗಾಗಲೇ ಇರುವ ವಿದ್ಯುತ್ ಲೈನಿನ ಪಕ್ಕದಲ್ಲೇ ಹಾಕಿ, ಹೊಸದಾಗಿ ಕಾಡು ಕಡಿಯಬೇಡಿ’ ಎಂಬುದು ಒಳ್ಳೆಯ ಸಲಹೆ. ನಾನೂ ಅದನ್ನೇ ಮೊದಲು ನೋಡುತ್ತೇನೆ. ಆದರೆ ಹೈ ವೋಲ್ಟೇಜ್ ಲೈನಿನ ಜೊತೆಗೆ ಬಹಳ ದೂರ ಸಾಗಿದರೆ ಪೈಪಿನಲ್ಲೂ ವಿದ್ಯುತ್ ಹುಟ್ಟುತ್ತದೆ. ಅದರಿಂದ ತುಕ್ಕು ಬೇಗ ಹಿಡಿಯಬಹುದು, ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಆ ವಿದ್ಯುತ್ತನ್ನು ನೆಲಕ್ಕಿಳಿಸುವ ಏರ್ಪಾಡು ಮೊದಲೇ ಬೇಕು.

ಪ್ರಶ್ನೆ: ಪೈಪ್ ಹೂತು ಮೇಲೆ ಮಣ್ಣು ಮುಚ್ಚಿಬಿಟ್ಟರೆ ಏನೂ ಕಾಣುವುದಿಲ್ಲ. ಮತ್ತೆ ಪರಿಸರಕ್ಕೆ ಹಾನಿ ಎಲ್ಲಿಂದ?

ದೊಡ್ಡ ಪೈಪ್ ಇಳಿಸುವಾಗ ಅಗೆತ, ಮಣ್ಣಿನ ರಾಶಿ, ಯಂತ್ರಗಳ ಓಡಾಟ ಎಲ್ಲಕ್ಕೂ ಸೇರಿ ಸುಮಾರು 30 ಮೀಟರ್ ಅಗಲದ ಪಟ್ಟಿ ಬೇಕಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ 3 ಹೆಕ್ಟೇರ್. ಪೈಪಿನ ಮೇಲೆ ಸಾಮಾನ್ಯವಾಗಿ ಒಂದು ಮೀಟರಿನಷ್ಟು ಮಣ್ಣಿರುತ್ತದೆ. ಬೇರು ಆಳಕ್ಕೆ ಇಳಿದರೆ ಪೈಪಿನ ಹೊದಿಕೆ ಕೆಡುತ್ತದೆ. ಹಾಗಾಗಿ ಆ ಪಟ್ಟಿಯ ನಡುಭಾಗದಲ್ಲಿ ಮತ್ತೆ ಮರ ಬೆಳೆಯಲು ಬಿಡುವುದಿಲ್ಲ. ಹೊಲದ ಗಾಯ ಮಾಯುತ್ತದೆ, ಕಾಡಿನದು ಸೀಳಾಗಿಯೇ ಉಳಿಯುತ್ತದೆ. ಬಿಸಿಲು, ಕಳೆ, ಬೇಟೆಗಾರರ ಗಾಡಿ ಎಲ್ಲ ಒಳಗೆ ಬರುವುದು ಅದೇ ದಾರಿಯಲ್ಲಿ. ನೆರಳಲ್ಲೇ ಬದುಕುವ ಸಣ್ಣ ಪ್ರಾಣಿಗಳು ಎಷ್ಟೋ ಸಲ ಅದನ್ನು ದಾಟುವುದೇ ಇಲ್ಲ.

ಹೊಲದಲ್ಲಿ ಮುಖ್ಯವಾದದ್ದು ಮೇಲ್ಮಣ್ಣು. ಅದನ್ನು ಮೊದಲು ತೆಗೆದು ಬೇರೆ ರಾಶಿ ಹಾಕಬೇಕು, ಕೊನೆಗೆ ಮೇಲೆಯೇ ಹರಡಬೇಕು. ಕೇಳಲು ಸುಲಭ. ಕೆಲಸ ತಡವಾಗಿ, ಮಳೆ ಶುರುವಾದಾಗ ಎರಡೂ ರಾಶಿ ಬೆರೆತುಹೋದದ್ದನ್ನು ನಾನೇ ನೋಡಿದ್ದೇನೆ. ಒದ್ದೆ ಮಣ್ಣಿನ ಮೇಲೆ ಭಾರದ ಯಂತ್ರ ಓಡಿದರೆ ನೆಲ ಗಟ್ಟಿಯಾಗಿ, ಬೆಳೆಯ ಬೇರು ಇಳಿಯದೆ ವರ್ಷಗಟ್ಟಲೆ ಇಳುವರಿ ಬೀಳುತ್ತದೆ.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನೀರಿನದು. ಅಗೆದು ಮುಚ್ಚಿದ ಕಾಲುವೆಯಲ್ಲಿ ಮಣ್ಣು ಸಡಿಲ. ಇಳಿಜಾರಿನಲ್ಲಿ ಮಳೆನೀರು ಅದರೊಳಗೇ ಹಾದಿ ಮಾಡಿಕೊಂಡು ಹರಿಯುತ್ತದೆ. ಮೇಲಿನ ತೇವ ಬಸಿದುಹೋಗುತ್ತದೆ, ಕೆಳಗೆ ಮಣ್ಣು ಕೊಚ್ಚಿಹೋಗುತ್ತದೆ. ಇದಕ್ಕೆ ಅಲ್ಲಲ್ಲಿ ಪೈಪಿನ ಸುತ್ತ ಮರಳು ಚೀಲಗಳ ತಡೆಗೋಡೆ ಕಟ್ಟಬೇಕು. ಪೈಪ್ ತಡೆಯುತ್ತದೋ ಇಲ್ಲವೋ ಅಂತ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸುವಾಗಲೂ ನೀರು ಬೇಕು. 30 ಇಂಚಿನ ಪೈಪ್ ಒಂದು ಕಿಲೋಮೀಟರಿಗೆ 4 ಲಕ್ಷ ಲೀಟರಿಗೂ ಹೆಚ್ಚು ಕುಡಿಯುತ್ತದೆ. ಅಷ್ಟು ನೀರನ್ನು ಯಾವ ಹೊಳೆಯಿಂದ, ಯಾವ ತಿಂಗಳಲ್ಲಿ ಎತ್ತುತ್ತಾರೆ, ಆಮೇಲೆ ಎಲ್ಲಿ ಬಿಡುತ್ತಾರೆ ಎಂಬುದು ವರದಿಯಲ್ಲಿ ಇರಲೇಬೇಕು.

ಪ್ರಶ್ನೆ: ನದಿಯ ಕೆಳಗೆ ಕೊರೆದು ಪೈಪ್ ಎಳೆದರೆ ನದಿಗೆ ಏನೂ ಆಗುವುದಿಲ್ಲ ಎನ್ನುತ್ತಾರೆ. ನಂಬಬಹುದೇ?

ಮುಕ್ಕಾಲು ಪಾಲು ನಂಬಬಹುದು. ಈ ದಡದಿಂದ ಓರೆಯಾಗಿ ಕೊರೆದು, ನದಿಯ ತಳಕ್ಕಿಂತ ಬಹಳ ಆಳದಲ್ಲಿ ಸಾಗಿ, ಆ ದಡದಲ್ಲಿ ಮೇಲೆ ಬರುತ್ತಾರೆ. ಆಮೇಲೆ ತೂತನ್ನು ಅಗಲ ಮಾಡಿ ಪೈಪನ್ನು ಎಳೆಯುತ್ತಾರೆ. ತೂತು ಕುಸಿಯದಿರಲು ಬೆಂಟೋನೈಟ್ ಎಂಬ ಜೇಡಿಯ ಕೆಸರನ್ನು ಒತ್ತಡದಲ್ಲಿ ಬಿಡುತ್ತಾರೆ. ತೊಂದರೆ ಬರುವುದು ಈ ಕೆಸರಿನಿಂದ. ಬಂಡೆಯಲ್ಲಿ ಬಿರುಕಿದ್ದರೆ ಅದು ನುಸುಳಿಕೊಂಡು ನದಿಯ ತಳದಲ್ಲಿ ಉಕ್ಕುತ್ತದೆ. ಜೇಡಿ ವಿಷವಲ್ಲ, ಆದರೆ ಮೀನಿನ ಮೊಟ್ಟೆಯ ಮೇಲೆ ಕಂಬಳಿಯಂತೆ ಕೂತರೆ ಅವು ಉಸಿರುಕಟ್ಟಿ ಸಾಯುತ್ತವೆ.

ಗಟ್ಟಿ ಜೇಡಿಯಲ್ಲಿ, ಒಡಕಿಲ್ಲದ ಬಂಡೆಯಲ್ಲಿ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ಉರುಟು ಕಲ್ಲು, ಜಲ್ಲಿ ತುಂಬಿದ ತಳದಲ್ಲಿ ಕೈಕೊಡುತ್ತದೆ. ಸಣ್ಣ ಹಳ್ಳವಾದರೆ ನೀರು ಕಡಿಮೆ ಇರುವಾಗ, ಮೀನು ಮೊಟ್ಟೆ ಇಡದ ಕಾಲದಲ್ಲಿ, ನೀರನ್ನು ಪಕ್ಕಕ್ಕೆ ತಿರುಗಿಸಿ ಒಂದೆರಡು ದಿನದಲ್ಲಿ ಅಗೆದು ಮುಚ್ಚುವುದೇ ಎಷ್ಟೋ ಸಲ ಮೇಲು. ಕೇಳಬೇಕಾದ ಪ್ರಶ್ನೆ ಎರಡೇ: ತಳದ ಮಣ್ಣನ್ನು ಕೊರೆದು ಪರೀಕ್ಷೆ ಮಾಡಿದ್ದೀರಾ? ಕೊರೆತ ಅರ್ಧಕ್ಕೆ ನಿಂತರೆ ಮುಂದೇನು?

ಪ್ರಶ್ನೆ: ನಮ್ಮ ಮನೆಯಿಂದ ಪೈಪ್‌ಲೈನ್ ಎಷ್ಟು ದೂರ ಇದ್ದರೆ ಭಯವಿಲ್ಲ?

ಒಂದೇ ಅಂಕಿ ಹೇಳಲಾಗದು. ಅದು ಪೈಪಿನ ಗಾತ್ರ ಮತ್ತು ಒತ್ತಡದ ಮೇಲಿದೆ. ಪೈಪ್ ಸೀಳಿ ಗ್ಯಾಸ್ ಹೊತ್ತಿಕೊಂಡರೆ ಬೆಂಕಿಯ ಝಳ ಎಷ್ಟು ದೂರ ಜೀವಕ್ಕೆ ಅಪಾಯ ಅಂತ ಲೆಕ್ಕ ಹಾಕಲು ಅಮೆರಿಕದ ನಿಯಮಗಳಲ್ಲಿ ಒಂದು ಸೂತ್ರವಿದೆ. 30 ಇಂಚಿನ ಪೈಪ್, 70 ಬಾರ್ ಒತ್ತಡ ಅಂದರೆ ಸುಮಾರು 200 ಮೀಟರ್ ಬರುತ್ತದೆ. ಅಲ್ಲಿನ ನಿಯಮದಂತೆ ಸುತ್ತ ಮನೆಗಳು ಹೆಚ್ಚಿದಷ್ಟೂ ಪೈಪ್ ಗಟ್ಟಿ ಇರಬೇಕು. ಬಯಲಿನಲ್ಲಿ ಉಕ್ಕಿನ ತಾಕತ್ತಿನ ಶೇ 72ರಷ್ಟು ಬಳಸಬಹುದು, ಎತ್ತರದ ಕಟ್ಟಡಗಳಿರುವ ನಗರದಲ್ಲಿ ಶೇ 40 ಮಾತ್ರ. ಒತ್ತಡ ಅಷ್ಟೇ ಇದ್ದರೆ ಪೈಪಿನ ದಪ್ಪ 1.8 ಪಟ್ಟು ಆಗಬೇಕು.

ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ 2010ರ ಸೆಪ್ಟೆಂಬರ್ 9ರಂದು ಸೀಳಿದ್ದು 30 ಇಂಚಿನ ಪೈಪೇ. 1956ರಲ್ಲಿ ಹೂತದ್ದು, ವೆಲ್ಡಿಂಗ್‌ನಲ್ಲೇ ದೋಷವಿತ್ತು. 8 ಜನ ಸತ್ತರು, 38 ಮನೆ ನಾಶವಾದವು. ಗ್ಯಾಸ್ ನಿಲ್ಲಿಸಲು ಸುಮಾರು ಒಂದೂವರೆ ಗಂಟೆ ಹಿಡಿಯಿತು. ಹಾಗಾಗಿ ದೂರದ ಜೊತೆಗೆ ವಾಲ್ವ್ ಎಲ್ಲೆಲ್ಲಿದೆ, ಅದನ್ನು ದೂರದಿಂದಲೇ ಮುಚ್ಚಬಹುದಾ ಅಂತಲೂ ಕೇಳಿ. ಇಂಥ ದುರಂತ ಅಪರೂಪ. ಪೈಪ್ ಕೆಡುವುದು ಜಾಸ್ತಿಯಾಗಿ ತುಕ್ಕಿನಿಂದ, ಇಲ್ಲವೇ ಬೇರೆ ಯಾರೋ ಬೇರೆ ಏನಕ್ಕೋ ಅಗೆಯುವಾಗ ತಗಲುವುದರಿಂದ.

ಪ್ರಶ್ನೆ: ನಮ್ಮ ಕೈಗೆ 600 ಪುಟದ ಪರಿಸರ ವರದಿ ಕೊಟ್ಟಿದ್ದಾರೆ. ಅಭಿಪ್ರಾಯ ಹೇಳಲು ಕೆಲವೇ ವಾರ ಇದೆ. ಎಲ್ಲಿಂದ ಓದಲಿ? ಓದಿದರೂ ಏನಾದರೂ ಬದಲಾಗುತ್ತದಾ?

ಬದಲಿ ಮಾರ್ಗಗಳ ಅಧ್ಯಾಯದಿಂದ ಶುರು ಮಾಡಿ. ವರದಿಯ ಜೀವ ಅಲ್ಲಿದೆ. ಮೂರು ದಾರಿ ತೋರಿಸಿ, ಎರಡು ಎಂಥವರಿಗೂ ಬೇಡವೆನಿಸುವಂತಿದ್ದರೆ ಗೆರೆಯನ್ನು ಮೊದಲೇ ಎಳೆದು ವರದಿಯನ್ನು ಆಮೇಲೆ ಬರೆದಿದ್ದಾರೆ ಅಂತ ಅರ್ಥ. ಅಂಥ ಕಡೆ ಗಿಡ ನೆಡುತ್ತೇವೆ, ಧೂಳಿಗೆ ನೀರು ಹಾಕುತ್ತೇವೆ ಎಂಬ ಮಾತುಗಳೇ ತುಂಬಿರುತ್ತವೆ. ‘ಪೈಪ್ ಹಾಕದೇ ಇದ್ದರೆ?’ ಎಂಬ ಆಯ್ಕೆಗೆ ಎಷ್ಟು ಸಾಲು ಕೊಟ್ಟಿದ್ದಾರೆ ಅಂತಲೂ ನೋಡಿ.

ಆಮೇಲೆ ಸರ್ವೇ ಮಾಡಿದ ತಿಂಗಳು ನೋಡಿ. ಒಂದೇ ಬೇಸಿಗೆಯಲ್ಲಿ ಎರಡು ವಾರ ಸುತ್ತಾಡಿ ಬಂದವರಿಗೆ ಮಳೆಗಾಲದ ಕಪ್ಪೆಯೂ ಕಾಣುವುದಿಲ್ಲ, ವಲಸೆ ಹಕ್ಕಿಯೂ ಸಿಗುವುದಿಲ್ಲ. ಮೂರನೆಯದು, ಯೋಜನೆಯನ್ನು ತುಂಡು ಮಾಡಿ ತೋರಿಸಿದ್ದಾರಾ? ಒಂದೊಂದು ತುಂಡಿನ ಹಾನಿಯೂ ಸಣ್ಣದಾಗಿಯೇ ಕಾಣುತ್ತದೆ.

ಮೀಥೇನ್ ಲೆಕ್ಕವನ್ನು ಬಿಡಬೇಡಿ. ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಅದೇ. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. 100 ವರ್ಷದ ಲೆಕ್ಕದಲ್ಲಿ ಸುಮಾರು 30 ಪಟ್ಟು. ಯಾವ ಅಂಕಿ ಬಳಸಿದ್ದಾರೆ ಎಂಬುದರ ಮೇಲೆ ಇಡೀ ಚಿತ್ರ ಬದಲಾಗುತ್ತದೆ. ಗ್ಯಾಸನ್ನು ಒತ್ತಿ ಮುಂದಕ್ಕೆ ತಳ್ಳುವ ಕಂಪ್ರೆಸರ್ ಸ್ಟೇಷನ್ನಿನ ಸೋರಿಕೆ, ರಿಪೇರಿಗಾಗಿ ಗಾಳಿಗೆ ಬಿಡುವ ಗ್ಯಾಸ್ ಎರಡೂ ಲೆಕ್ಕದಲ್ಲಿರಬೇಕು.

ಏನಾದರೂ ಬದಲಾಗುತ್ತದಾ ಅಂದಿರಿ. ಕೆನಡಾದ ಹಿಮದ ಉತ್ತರ ಭಾಗದಲ್ಲಿರುವ ಮೆಕೆಂಜಿ ಕಣಿವೆಯ ಗ್ಯಾಸ್ ಪೈಪ್‌ಲೈನ್ ಯೋಜನೆ ನೋಡಿ. 1974ರಲ್ಲಿ ಸರ್ಕಾರ ನ್ಯಾಯಾಧೀಶ ಥಾಮಸ್ ಬರ್ಜರ್ ಅವರಿಗೆ ವಿಚಾರಣೆಯ ಹೊಣೆ ಕೊಟ್ಟಿತು. ಅವರು ನಗರದ ಸಭಾಂಗಣದಲ್ಲಷ್ಟೇ ಕೂರಲಿಲ್ಲ. 35 ಊರುಗಳಿಗೆ ಹೋಗಿ ಅಲ್ಲಿನ ಮೂಲನಿವಾಸಿಗಳ ಮಾತು ಕೇಳಿದರು. ಎಂಜಿನಿಯರಿಂಗ್‌ನಲ್ಲೂ ತೊಡಕಿತ್ತು. ಹೆಪ್ಪುಗಟ್ಟಿದ ನೆಲ ಕರಗದಿರಲಿ ಅಂತ ಗ್ಯಾಸನ್ನು ತಣ್ಣಗೆ ಮಾಡಿ ಕಳಿಸುವ ಯೋಚನೆ ಅದು. ಹೆಪ್ಪುಗಟ್ಟಿರದ ನೆಲದಲ್ಲಿ ಅದೇ ತಣ್ಣನೆ ಪೈಪ್ ಸುತ್ತಲಿನ ನೀರನ್ನು ಹೆಪ್ಪುಗಟ್ಟಿಸಿ ತನ್ನನ್ನೇ ಮೇಲಕ್ಕೆ ಎತ್ತಿಕೊಳ್ಳುತ್ತದೆ. 1977ರ ವರದಿಯಲ್ಲಿ ಬರ್ಜರ್, ಪಕ್ಕದ ಯೂಕಾನ್ ಪ್ರಾಂತ್ಯದ ಉತ್ತರ ಭಾಗದಲ್ಲಿ ಪೈಪ್‌ಲೈನ್ ಬೇಡವೇ ಬೇಡ ಎಂದರು. ಅಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗಗಳ ಹಿಂಡುಗಳಿದ್ದವು. ಕಣಿವೆಯಲ್ಲಿ 10 ವರ್ಷ ತಡೆಯಿರಿ, ಮೊದಲು ಭೂಮಿಯ ಹಕ್ಕು ಇತ್ಯರ್ಥವಾಗಲಿ ಎಂದರು. ದಶಕಗಳ ನಂತರ ಯೋಜನೆ ಮತ್ತೆ ತಲೆ ಎತ್ತಿತು, 2017ರಲ್ಲಿ ಅದನ್ನೂ ಕೈಬಿಟ್ಟರು. ಆ ಹೊತ್ತಿಗೆ ಕಾರಣ ಪರಿಸರವಲ್ಲ, ಗ್ಯಾಸಿನ ಮಾರುಕಟ್ಟೆ.

ಎಲ್ಲ ಕಡೆಯೂ ಬರ್ಜರ್ ಸಿಗುವುದಿಲ್ಲ, ನಿಜ. ಆದರೆ ‘ಪೈಪ್‌ಲೈನ್ ಬೇಡ’ ಎಂಬ ಒಂದು ಸಾಲಿನ ಅರ್ಜಿಗಿಂತ ‘ಇಂಥ ಪುಟದಲ್ಲಿ ತೋರಿಸಿದ ಹಳ್ಳದ ಪಕ್ಕ ಚಿಲುಮೆ ಇದೆ, ನಿಮ್ಮ ನಕ್ಷೆಯಲ್ಲಿ ಅದು ಇಲ್ಲ’ ಎಂಬ ಅರ್ಜಿಗೆ ಉತ್ತರ ಕೊಡುವುದು ನನ್ನಂಥವರಿಗೆ ಬಹಳ ಕಷ್ಟ. ಉತ್ತರ ಸಿಗದಿದ್ದಾಗ ಗೆರೆಯನ್ನೇ ನೂರು ಮೀಟರ್ ಆಚೆ ಸರಿಸಿದ್ದೇವೆ. ಹೋಗುವಾಗ ಚಿಲುಮೆಯ ಫೋಟೊ, ತೆಗೆದ ತಾರೀಖು, ಜಾಗದ ಗುರುತು ಮೂರೂ ಜೊತೆಗಿರಲಿ.