ಕುಮಟಾಕ್ಕೆ ಹೋಗುವ ಮುಂಚೆ ಒಂದು ಮಳೆಗಾಲ ಇದ್ದು ನೋಡಿ

ಬೆಂಗಳೂರು ಬಿಟ್ಟು, ಮನೆಯಿಂದಲೇ ಆಫೀಸ್ ಕೆಲಸ ಮಾಡಿಕೊಂಡು ಕುಮಟಾದಲ್ಲಿ ನೆಲೆಸಬಹುದಾ, ಹೃದಯದ ತೊಂದರೆ ಇರುವ ಅಮ್ಮನೂ ಜೊತೆಗಿರುತ್ತಾರೆ ಅಂತ ಕೇಳಿದ್ದೀರಿ. ನೀವು ಊರು ನೋಡಿದ್ದು ಡಿಸೆಂಬರಿನಲ್ಲಿ, ಅಲ್ವಾ? ಆಗ ಯಾರಿಗಾದರೂ ಇಷ್ಟವಾಗುತ್ತದೆ. ಮನೆ ಕೊಳ್ಳಬೇಡಿ. ಜೂನ್, ಜುಲೈ ಬಾಡಿಗೆಗೆ ಇದ್ದು ನೋಡಿ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಕರಾವಳಿ ಇದು. ಬಟ್ಟೆ ಒಣಗುವುದಿಲ್ಲ, ಚಪ್ಪಲಿ, ಬೆಲ್ಟಿಗೆಲ್ಲ ಬೂಷ್ಟು. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ! ಇನ್ವರ್ಟರ್ ಜೊತೆಗೆ ಎರಡು ಕಂಪನಿಗಳ ಇಂಟರ್ನೆಟ್ ಬೇಕೇ ಬೇಕು.

ಇದನ್ನೆಲ್ಲ ಹೇಗೋ ಸಂಭಾಳಿಸಬಹುದು. ನನಗೆ ಯೋಚನೆ ಅಮ್ಮನದು. ದೊಡ್ಡ ಚಿಕಿತ್ಸೆ ಅಂದರೆ ಆ ಕಡೆಯವರು ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ ಓಡುತ್ತಾರೆ. ಮಣಿಪಾಲಕ್ಕೇ ಎರಡು ಗಂಟೆಗಿಂತ ಜಾಸ್ತಿ ದಾರಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಗಿದ್ದು ನೆನಪಿರಬಹುದು.

ಕಡಲೇ ಬೇಕು ಅಂದರೆ ಮಲ್ಪೆ, ಉಡುಪಿ ಸುತ್ತ ನೋಡಿ. ಕುಮಟಾದಷ್ಟು ಶಾಂತ ಅಲ್ಲ, ಬಾಡಿಗೆಯೂ ಜಾಸ್ತಿ ಇರಬಹುದು. ಆದರೆ ಮಣಿಪಾಲದ ಆಸ್ಪತ್ರೆ ಅಲ್ಲೇ ಪಕ್ಕದಲ್ಲಿದೆ. ಮೊದಲು ಅಮ್ಮನ ಡಾಕ್ಟರ್ ಹತ್ತಿರ ಮಾತಾಡಿ, ಮನೆ ಆಮೇಲೆ ಹುಡುಕಿ.