ಪುಸ್ತಕ ತೆರೆದೇ ಬರೆದರೂ ಫೇಲ್ ಯಾಕೆ?

ಪ್ರಶ್ನೆ: ಸರ್, ನನ್ನ ತಮ್ಮ ನಮ್ಮ ಉದ್ಯಮಬಾಗದ ಅಂಗಡಿಯಲ್ಲೇ ಅಲ್ಯೂಮಿನಿಯಂ ಕೆಲಸ ಕಲಿತವನು. ಈಗ ಐದು ವರ್ಷದಿಂದ ಅಮೆರಿಕದ ಫ್ಲಾರಿಡಾದಲ್ಲಿದ್ದಾನೆ, ಈಜುಕೊಳದ ಸುತ್ತ ಅಲ್ಯೂಮಿನಿಯಂ ಚೌಕಟ್ಟು ನಿಲ್ಲಿಸಿ ಜಾಲರಿ ಹಾಕುವ ಕೆಲಸ. ಸ್ವಂತವಾಗಿ ಗುತ್ತಿಗೆ ಹಿಡಿಯಬೇಕಾದರೆ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕಂತೆ. ಪುಸ್ತಕ ನೋಡಿಯೇ ಬರೆಯಬಹುದು, ಆದರೂ ಒಮ್ಮೆ ಫೇಲಾದ. ಎಲ್ಲಿ ತಪ್ಪಿದ? ನಮ್ಮಲ್ಲೂ ಇಂಥ ಪರೀಕ್ಷೆ ಇದೆಯಾ?
– ಓದುಗರು, ಬೆಳಗಾವಿ

ಉತ್ತರ: ಪುಸ್ತಕ ನೋಡಿ ಬರೆಯಬಹುದು ಅಂದ ಕೂಡಲೇ ಅರ್ಧ ಜನ ಓದುವುದನ್ನೇ ಬಿಡುತ್ತಾರೆ. ನಿಮ್ಮ ತಮ್ಮನೂ ಹಾಗೆ ಮಾಡಿರಬಹುದು, ಬೇಜಾರಾಗಬೇಡಿ. ಅಲ್ಲಿ ನೋಡುವುದು ಕೈಚಳಕ ಅಲ್ಲ. ಉತ್ತರ ಯಾವ ಪುಸ್ತಕದ ಯಾವ ಪುಟದಲ್ಲಿದೆ ಅಂತ ಗಡಿಯಾರ ಓಡುತ್ತಿರುವಾಗ ಹುಡುಕಬೇಕು, ಅಷ್ಟೇ. ಪುಸ್ತಕಗಳ ಪುಟದ ಅಂಚಿಗೆ ಗಟ್ಟಿಯಾಗಿ ಅಂಟುವ ಟ್ಯಾಬ್, ಅಂದರೆ ಗುರುತಿನ ಪಟ್ಟಿ, ಹಾಕಿಕೊಳ್ಳಲಿ, ಮುಖ್ಯ ಸಾಲುಗಳಿಗೆ ಹೈಲೈಟರ್ ಎಳೆಯಲಿ. ಕಿತ್ತು ಬರುವ ಚೀಟಿ, ಕೈಯಲ್ಲಿ ಬರೆದ ಟಿಪ್ಪಣಿ ಇದ್ದರೆ ಒಳಗೆ ಬಿಡುವುದಿಲ್ಲ.

ಜಾಸ್ತಿ ಎಡವುವುದು ಗಾಳಿಯ ಕೋಷ್ಟಕದಲ್ಲಿ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲಾರಿಡಾದ ಮನೆಗಳನ್ನು ಕಿತ್ತು ಹಾಕಿತು. ಆಮೇಲೆ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ, ಅಂದರೆ ಕಟ್ಟುವ ನಿಯಮಗಳ ಪಟ್ಟಿ, ಬಂತು, 2002ರಿಂದ ಜಾರಿಯಲ್ಲಿದೆ. ಹಾಗಾಗಿ ಇಷ್ಟು ವೇಗದ ಗಾಳಿಗೆ, ಇಷ್ಟು ಅಂತರದಲ್ಲಿ ಕಂಬ ನಿಲ್ಲಿಸಿದರೆ ತೊಲೆ ಎಷ್ಟು ಉದ್ದ ಹೋಗಬಹುದು ಅನ್ನುವುದನ್ನೆಲ್ಲ ಕೋಷ್ಟಕ ನೋಡಿಯೇ ಹೇಳಬೇಕು. ಒಂದು ಸಾಲು ಕೆಳಗೆ ಕಣ್ಣು ಜಾರಿದರೆ ಉತ್ತರ ತಪ್ಪು. ನಮ್ಮಲ್ಲಿ ಕಣ್ಣಂದಾಜಿಗೇ ಅಲ್ಯೂಮಿನಿಯಂ ಪಟ್ಟಿ (ಸೆಕ್ಷನ್) ಕತ್ತರಿಸುತ್ತೇವೆ, ಅಲ್ವಾ? ಅದೇ ಅಭ್ಯಾಸ ಅಲ್ಲಿ ಕಾಡುತ್ತದೆ.

ಇನ್ನೊಂದು ವಿಷಯ, ಲೋಹಕ್ಕೆ ಲೋಹ ತಾಗುವುದು. ಅಲ್ಯೂಮಿನಿಯಂಗೆ ಕಬ್ಬಿಣ ನೇರವಾಗಿ ತಾಗಿ, ಮೇಲೆ ಉಪ್ಪುಗಾಳಿ ಬಿದ್ದರೆ ತಿಂದು ಹೋಗುವುದು ಅಲ್ಯೂಮಿನಿಯಂ. ಹಸಿ ಸಿಮೆಂಟೂ ಅದಕ್ಕೆ ಆಗುವುದಿಲ್ಲ. ನಡುವೆ ಬಣ್ಣವೋ ಟೇಪೋ ಬೇಕು. ಬೆಳಗಾವಿಯಲ್ಲಿ ಸಮುದ್ರ ಇಲ್ಲ, ನಾವು ಬಚಾವಾಗಿದ್ದೇವೆ.

ಅಳತೆಗೆ ಮಾತ್ರ ಹೆದರಬೇಕಿಲ್ಲ. ಅಲ್ಲಿ ಈಗಲೂ ಅಡಿ, ಇಂಚು. ಇಂಚಿನ ಎಂಟನೇ ಒಂದು ಭಾಗ ಅಂದರೆ ನಮ್ಮ ಒಂದು ಸೂತು, ಹದಿನಾರನೇ ಒಂದು ಅಂದರೆ ಅರ್ಧ ಸೂತು. ನಿಮ್ಮ ಅಂಗಡಿಯಲ್ಲಿ ಕಲಿತದ್ದು ಇಲ್ಲಿ ಕೈ ಹಿಡಿಯುತ್ತದೆ.

ವ್ಯವಹಾರದ ಪ್ರಶ್ನೆಪತ್ರಿಕೆಯೂ ಬೇರೆ ಇರುತ್ತದೆ. ವಿಮೆ, ಕೂಲಿಯ ತೆರಿಗೆ, ಕರಾರು, ಬಾಕಿ ವಸೂಲಿ. ಒಳ್ಳೆ ಕೆಲಸಗಾರರು ಇದನ್ನು ಕಡೆಗಣಿಸಿ ಕೂರುತ್ತಾರೆ. ಅದಕ್ಕೂ ಅಷ್ಟೇ ದಿನ ಕೊಡಲಿ.

ನಮ್ಮ ರಾಜ್ಯದಲ್ಲಿ ಅಲ್ಯೂಮಿನಿಯಂ ಕೆಲಸಕ್ಕೆ ಇಂಥ ಪರೀಕ್ಷೆ ಇಲ್ಲ. ವಿದ್ಯುತ್ ಗುತ್ತಿಗೆದಾರರಿಗೆ ಲೈಸೆನ್ಸ್ ಬೇಕು, ಲೋಕೋಪಯೋಗಿ ಇಲಾಖೆಯ ಕೆಲಸ ಬೇಕಾದರೆ ಅಲ್ಲಿ ನೋಂದಣಿ ಮಾಡಿಸಬೇಕು. ಮನೆ ಕಿಟಕಿಗೆ ಕಟಿಂಗ್ ಮಷಿನ್ ಮತ್ತು ಒಬ್ಬ ಹುಡುಗ ಇದ್ದರೆ ಸಾಕು.

ನೀವೇ ಒಂದು ಸಹಾಯ ಮಾಡಬಹುದು. ಭಾನುವಾರ ರಾತ್ರಿ ವಾಟ್ಸಾಪ್‌ನಲ್ಲಿ ಕರೆ ಮಾಡಿ. ನಮ್ಮಲ್ಲಿ ಎಂಟು ಗಂಟೆ ಅಂದರೆ ಅವರಲ್ಲಿ ಬೆಳಗ್ಗೆ, ತಲೆ ಚುರುಕಾಗಿರುತ್ತದೆ. ಹಳೆ ಪ್ರಶ್ನೆ ಒಂದೊಂದೇ ನೀವು ಓದಿ, ಅವನು ಉತ್ತರ ಹೇಳುವುದು ಬೇಡ, ಪುಟದ ನಂಬರ್ ಹೇಳಲಿ. ಎರಡು ನಿಮಿಷ ದಾಟಿದರೆ ಅಲ್ಲೊಂದು ಟ್ಯಾಬ್ ಅಂಟಿಸಲಿ.